‘ಇಲ್ಲ’ ಅನ್ನುವುದಕ್ಕೆ ಸಾಕ್ಷಿ ಎಲ್ಲಿಂದ ತರೋಣ?

ಓದುಗರ ಪ್ರಶ್ನೆಗಳು: ಈ ಸಲ ಕೊಡಗಿನಿಂದ

ಪ್ರಶ್ನೆ: ‘ವಿಜ್ಞಾನದಲ್ಲಿ ಇದೆ ಅನ್ನುವುದನ್ನು ತೋರಿಸಬಹುದು, ಇಲ್ಲ ಅನ್ನುವುದನ್ನು ಯಾರಿಂದಲೂ ಸಾಬೀತು ಮಾಡಲಾಗದು’ ಎಂದು ಚರ್ಚಾಸ್ಪರ್ಧೆಯಲ್ಲಿ ಎದುರಿನ ತಂಡದವರು ಹೇಳಿದರು. ತೀರ್ಪುಗಾರರೂ ತಲೆಯಾಡಿಸಿದರು. ಇದು ನಿಜವೇ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಪೊನ್ನಂಪೇಟೆ

ಉತ್ತರ: ಅರ್ಧ ನಿಜ, ಅದೂ ಕೆಲಸಕ್ಕೆ ಬಾರದ ಅರ್ಧ. ‘ಇಲ್ಲ’ದ ಯಾವ ಮಾತನ್ನೂ ಸಾಬೀತು ಮಾಡಲಾಗದು ಎನ್ನುವುದೂ ಒಂದು ‘ಇಲ್ಲ’ದ ಮಾತೇ. ಹಾಗಾದರೆ ಅದನ್ನು ಸಾಬೀತು ಮಾಡಿದವರು ಯಾರು ಎಂದು ನೀವು ಕೇಳಬಹುದಿತ್ತು. ಚಪ್ಪಾಳೆ ಬೀಳುತ್ತಿತ್ತು. ಆದರೆ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ.

‘ಈ ಚೀಲದಲ್ಲಿ ಒಂದು ಕಾಳೂ ಮೆಣಸಿಲ್ಲ’ ಎನ್ನುವ ಮಾತಿಗೆ ಎಲ್ಲೆ ಇದೆ. ಚೀಲ ಸುರಿದು ನೋಡಿದರೆ ತೀರ್ಮಾನವಾಯಿತು. ‘ವಿಶ್ವದಲ್ಲಿ ಬೇರೆಲ್ಲೂ ಜೀವಿಗಳಿಲ್ಲ’ ಎನ್ನುವ ಮಾತಿಗೆ ಎಲ್ಲೆಯೇ ಇಲ್ಲ, ಹುಡುಕಿ ಮುಗಿಸುವವರೂ ಇಲ್ಲ. ಎದುರಿನ ತಂಡ ಎರಡನೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲನೆಯದನ್ನೂ ಅದರ ಜೊತೆ ಕಟ್ಟಿ ಎಸೆದಿದೆ. ಗಣಿತದಲ್ಲಂತೂ ಇಂಥ ಮಾತುಗಳು ಪೂರ್ತಿ ಸಾಬೀತಾಗಿವೆ: ವರ್ಗ ಮಾಡಿದರೆ ಸರಿಯಾಗಿ 2 ಬರುವ ಭಿನ್ನರಾಶಿ ಇಲ್ಲ, ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಇಲ್ಲ.

ಎಲ್ಲೆ ಇರುವ ‘ಇಲ್ಲ’ಗಳಲ್ಲೂ ಗಟ್ಟಿಯವು, ಟೊಳ್ಳಾದವು ಇರುತ್ತವೆ. ನಮ್ಮ ಹಳೆಯ ದರ್ಶನಕಾರರು ಈ ಜಗಳವನ್ನು ಚೆನ್ನಾಗಿ ಆಡಿದ್ದಾರೆ. ನೆಲದ ಮೇಲೆ ಮಡಕೆ ಇಲ್ಲ ಎಂದು ನಮಗೆ ಗೊತ್ತಾಗುವುದು ಹೇಗೆ? ಕುಮಾರಿಲ ಭಟ್ಟನ ಪಂಥದ ಮೀಮಾಂಸಕರೂ ಅದ್ವೈತಿಗಳೂ ಇದಕ್ಕಾಗಿ ‘ಅನುಪಲಬ್ಧಿ’ (ಕಾಣದಿರುವಿಕೆ) ಎಂಬ ಆರನೆಯ ಪ್ರಮಾಣವನ್ನೇ, ಅಂದರೆ ತಿಳಿಯುವ ದಾರಿಯನ್ನೇ, ಒಪ್ಪಿದರು. ನ್ಯಾಯ ದರ್ಶನದವರಾದ ನೈಯಾಯಿಕರು ಬೇರೆ ಪ್ರಮಾಣ ಬೇಡ, ಪ್ರತ್ಯಕ್ಷವೇ ಸಾಕು ಎಂದರು. ಒಂದು ಷರತ್ತನ್ನು ಮಾತ್ರ ಎರಡೂ ಕಡೆಯವರು ಬಿಡಲಿಲ್ಲ: ಮಡಕೆ ಅಲ್ಲಿ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿರಬೇಕು. ಇದೇ ‘ಯೋಗ್ಯಾನುಪಲಬ್ಧಿ’. ಕತ್ತಲೆ ಕೋಣೆಯಲ್ಲಿ ಮಡಕೆ ಕಾಣಲಿಲ್ಲ ಎಂದರೆ ಏನೂ ಹೇಳಿದಂತಾಗಲಿಲ್ಲ. ಪಿಶಾಚಿ ಕಾಣಲಿಲ್ಲ ಎಂದರೂ ಅಷ್ಟೇ. ಅದು ಸ್ವಭಾವದಿಂದಲೇ ಕಣ್ಣಿಗೆ ಬೀಳದ್ದು ಎಂದು ಒಪ್ಪಿಕೊಂಡ ಮೇಲೆ ಕಾಣದಿರುವುದು ಯಾವುದಕ್ಕೂ ಸಾಕ್ಷಿಯಲ್ಲ. (ಪಿಶಾಚಿಯ ಉದಾಹರಣೆ ಆ ಶಾಸ್ತ್ರಗಳದ್ದೇ, ನಾವು ಸೇರಿಸಿದ್ದಲ್ಲ.)

ಕೊಡಗಿನಲ್ಲಿ ಇದನ್ನು ಮಡಕೆಗಿಂತ ಆನೆಯ ಮೂಲಕ ಹೇಳುವುದು ಸುಲಭ. ‘ತೋಟದಲ್ಲಿ ಆನೆ ಇಲ್ಲ’ ಎಂದು ತೋಟದ ಮೇಲ್ವಿಚಾರಕ ರೈಟರ್ ಹೇಳಿದರೆ, ಎಲ್ಲಿ ನಿಂತು ನೋಡಿ ಹೇಳಿದ್ದು ಎಂದು ಕೇಳಬೇಕು. ಕೊಯ್ಲಾದ ಗದ್ದೆಯನ್ನು ಬದುವಿನ ಮೇಲೆ ನಿಂತು ನೋಡಿ ಹೇಳಿದ ‘ಇಲ್ಲ’ ಗಟ್ಟಿ. ತಲೆ ಮೀರಿ ಬೆಳೆದ ರೋಬಸ್ಟಾ ಕಾಫಿ, ಮಂಜು ಬಿದ್ದ ಬೆಳಗು, ಜೀಪು ರಸ್ತೆಯಿಂದ ಒಂದು ಕಣ್ಣೋಟ: ಆ ‘ಇಲ್ಲ’ವನ್ನು ನಂಬಿ ಆಳುಗಳನ್ನು ಕೊಯ್ಲಿಗೆ ಇಳಿಸಬಾರದು. ಹತ್ತು ಮಾರು ದೂರದಲ್ಲಿ ಆನೆ ಕಿವಿಯನ್ನೂ ಅಲ್ಲಾಡಿಸದೆ ನಿಂತಿರಬಲ್ಲದು. ಗಟ್ಟಿಯಾದ ‘ಇಲ್ಲ’ ಬೇಕಾದರೆ ಆನೆಯನ್ನಲ್ಲ, ಆನೆ ಬಿಟ್ಟುಹೋಗದೇ ಇರಲಾರದ ಗುರುತನ್ನು ಹುಡುಕಬೇಕು. ಬೇಲಿ ಕಂಡಿಗಳ ಮಣ್ಣನ್ನು ಸಂಜೆ ನಯವಾಗಿ ಗುಡಿಸಿಟ್ಟು ಬೆಳಿಗ್ಗೆ ಪ್ರತಿ ಕಂಡಿಯನ್ನೂ ನೋಡಬೇಕು. ಒಳಗೆ ಹೋದ ಹೆಜ್ಜೆ ಇದೆ, ಹೊರಗೆ ಬಂದದ್ದು ಕಾಣದು ಎಂದರೆ ಆನೆ ಒಳಗೇ ಇದೆ. ಯಾವ ಕಂಡಿಯಲ್ಲೂ ಹೆಜ್ಜೆಯಿಲ್ಲ, ಹಸಿ ಲದ್ದಿಯಿಲ್ಲ, ಹೊಸದಾಗಿ ಮುರಿದ ಬೈನೆ, ಬಾಳೆಯಿಲ್ಲ ಎಂದಾದರೆ ಅದು ನಂಬಬಹುದಾದ ‘ಇಲ್ಲ’. ರಾತ್ರಿ ಮಳೆ ಹೊಯ್ದು ಕಂಡಿಯ ಮಣ್ಣು ತೊಳೆದುಹೋಗಿದ್ದರೆ ಲೆಕ್ಕ ಮತ್ತೆ ಮೊದಲಿಂದ.

ಇನ್ನೊಂದು ಮಾತು. ವಿಜ್ಞಾನದ ಅತಿ ಗಟ್ಟಿ ನಿಯಮಗಳೇ ‘ಇಲ್ಲ’ದ ಮಾತುಗಳು. ಶಕ್ತಿ ಹೊಸದಾಗಿ ಹುಟ್ಟುವುದಿಲ್ಲ, ನಾಶವಾಗುವುದಿಲ್ಲ. ಬೆಳಕಿಗಿಂತ ವೇಗವಾಗಿ ಯಾವ ಸಂಕೇತವೂ ಹೋಗದು. ‘ತಾಮ್ರವೆಲ್ಲ ವಿದ್ಯುತ್ ಹರಿಸುತ್ತದೆ’ ಎಂದು ನೇರವಾಗಿ ಹೇಳಿದರೂ ಒಳಗಿರುವುದು ‘ಹರಿಸದ ತಾಮ್ರ ಇಲ್ಲ’ ಎಂಬುದೇ. ಇವುಗಳನ್ನು ಕೊನೆಯ ಸಲಕ್ಕೆಂದು ಸಾಬೀತು ಮಾಡಲಾಗದು, ಒಂದೇ ಒಂದು ಖಚಿತ ಅಪವಾದ ಸಿಕ್ಕರೆ ಕೆಡವಬಹುದು. 1934ರಲ್ಲಿ ತತ್ತ್ವಜ್ಞಾನಿ ಕಾರ್ಲ್ ಪಾಪರ್ ವಾದ ಹೂಡಿದ್ದು ಇದರ ಮೇಲೆಯೇ. ಆದರೆ ಆ ತೊಡಕು ‘ಇಲ್ಲ’ಗೆ ಮಾತ್ರ ಅಂಟಿದ್ದಲ್ಲ, ಎಲ್ಲ ಕಾಲ ಎಲ್ಲ ಕಡೆಗೆ ಅನ್ವಯಿಸುವ ಯಾವ ಮಾತಿಗೂ ಅಂಟಿದ್ದು. ತೀರ್ಪುಗಾರರು ತಲೆಯಾಡಿಸುವ ಮೊದಲು ಇದನ್ನು ಗಮನಿಸಬೇಕಿತ್ತು.

ಪ್ರಶ್ನೆ: ಅರೇಬಿಕಾ ಕಾಫಿ ತೋಟದ ಒಂದು ಎಕರೆ ಬ್ಲಾಕಿನಲ್ಲಿ 300 ಗಿಡ ನೋಡಿದೆವು. ಬಿಳಿ ಕಾಂಡಕೊರಕ (ಬೋರರ್) ಹುಳು ಹಿಡಿದ ಗಿಡ ಒಂದೂ ಸಿಗಲಿಲ್ಲ. ಬ್ಲಾಕಿನಲ್ಲಿ ಬೋರರ್ ಇಲ್ಲ ಎಂದು ಬರೆದುಕೊಳ್ಳಬಹುದೇ?
– ಬೆಳೆಗಾರರು, ಸುಂಟಿಕೊಪ್ಪ

ಉತ್ತರ: ‘ಇಲ್ಲ’ ಎಂದು ಬರೆಯಬೇಡಿ, ‘ಇಷ್ಟಕ್ಕಿಂತ ಹೆಚ್ಚಿಲ್ಲ’ ಎಂದು ಬರೆಯಿರಿ. ಆ ‘ಇಷ್ಟು’ ಎಷ್ಟು ಎನ್ನುವುದಕ್ಕೆ ಬಾಯಿಲೆಕ್ಕ ಇದೆ: ನೋಡಿದ ಗಿಡಗಳ ಸಂಖ್ಯೆಯಿಂದ 3ನ್ನು ಭಾಗಿಸಿ. 300 ನೋಡಿ ಒಂದೂ ಸಿಗದಿದ್ದರೆ 3/300, ಅಂದರೆ ಶೇ 1. ನಿಜವಾಗಿ ನೂರಕ್ಕೊಂದು ಗಿಡದಲ್ಲಿ ಹುಳು ಇದ್ದಿದ್ದರೆ 300 ಗಿಡವೂ ಚೊಕ್ಕಟ ಕಾಣುವ ಸಾಧ್ಯತೆ 0.99ನ್ನು 300 ಸಲ ಗುಣಿಸಿದಷ್ಟು, ಸುಮಾರು ಶೇ 5. ಹಾಗಾಗಿ ‘ಶೇ 1ಕ್ಕಿಂತ ಕಡಿಮೆ’ ಎಂದು ಶೇ 95ರ ಭರವಸೆಯಲ್ಲಿ ಹೇಳಬಹುದು. ಆರಡಿಗೆ ಆರಡಿ ಅಂತರದಲ್ಲಿ ಎಕರೆಗೆ ಸುಮಾರು 1200 ಗಿಡ. ಅದರ ಶೇ 1 ಎಂದರೆ 12 ಗಿಡ. 12 ಗಿಡದಿಂದ ಹೊರಬೀಳುವ ಜೀರುಂಡೆಗಳು ಮುಂದಿನ ವರ್ಷಕ್ಕೆ ಸಾಕಷ್ಟು ತಲೆನೋವು.

ಈ ಲೆಕ್ಕದೊಳಗೆ ಎರಡು ಕಳ್ಳದಾರಿಗಳಿವೆ.

ಮೊದಲನೆಯದು, ಯಾವ 300? ದಾರಿ ಬದಿಯ ಸಾಲುಗಳನ್ನೇ ನೋಡಿದ್ದರೆ ಲೆಕ್ಕ ಸತ್ತಿತು. ಈ ಹುಳು ತೋಟದ ತುಂಬ ಸಮನಾಗಿ ಹರಡುವುದಿಲ್ಲ. ನೆರಳು ತೆಳುವಾಗಿ ಬಿಸಿಲು ನೇರ ಕಾಂಡಕ್ಕೆ ಬೀಳುವ ಕಡೆ ಗುಂಪಾಗಿ ಹಿಡಿಯುತ್ತದೆ. ಸಾಲಿನ ಸಂಖ್ಯೆ, ಗಿಡದ ಸಂಖ್ಯೆ ಚೀಟಿ ಎತ್ತಿ ಆರಿಸಿದರೆ ಮೇಲಿನ ಲೆಕ್ಕ ನಿಲ್ಲುತ್ತದೆ. ಅಥವಾ ಬಿಸಿಲು ಬೀಳುವ ಜಾಗಗಳನ್ನೇ ಗುರಿ ಮಾಡಿ ಪೂರ್ತಿ ನೋಡಿ. ಅಲ್ಲೇ ಇಲ್ಲವೆಂದರೆ ಬೇರೆಡೆ ಇರುವ ಸಾಧ್ಯತೆ ಇನ್ನೂ ಕಡಿಮೆ. ಆದರೆ ಆಗ ಶೇ 1 ಎಂಬ ಅಂಕಿ ಬಳಸಬೇಡಿ.

ಎರಡನೆಯದು ದೊಡ್ಡದು: ನೋಡಿದವರ ಕಣ್ಣು. ಮರಿಹುಳು ಕೊರೆದ ಸುರಂಗವನ್ನು ತನ್ನ ಹಿಕ್ಕೆ, ಹೊಟ್ಟಿನಿಂದಲೇ ಒತ್ತಿ ಮುಚ್ಚಿಕೊಳ್ಳುತ್ತದೆ, ಪುಡಿ ಹೊರಗೆ ಉದುರುವುದಿಲ್ಲ. ಹೊರಗಿನ ಗುರುತು ಎಂದರೆ ತೊಗಟೆಯ ಮೇಲೆ ಬಳಸಿಕೊಂಡು ಹೋದ ಉಬ್ಬುಗೆರೆ, ಎಲೆ ಹಳದಿಯಾಗಿ ಬಾಡುವುದು. ಪಾಚಿ ಹಿಡಿದ ಹಳೆಯ ಕಾಂಡದಲ್ಲಿ ಉಬ್ಬು ಕಣ್ಣಿಗಿಂತ ಹೆಬ್ಬೆರಳಿಗೆ ಬೇಗ ಸಿಗುತ್ತದೆ. ಇತ್ತೀಚೆಗೆ ಮೊಟ್ಟೆಯೊಡೆದ ಹುಳುವಾದರೆ ಉಬ್ಬು ಇನ್ನೂ ಎದ್ದೇ ಇರುವುದಿಲ್ಲ. ನಿಮ್ಮ ಆಳು ಹತ್ತು ರೋಗದ ಗಿಡದಲ್ಲಿ ಏಳನ್ನು ಮಾತ್ರ ಹಿಡಿಯಬಲ್ಲರು ಎಂದಾದರೆ, ನೀವು ನೋಡಿದ್ದು 300 ಅಲ್ಲ, ಲೆಕ್ಕಕ್ಕೆ 210. 3/210 ಎಂದರೆ ಶೇ 1.4, ಎಕರೆಗೆ 17 ಗಿಡದವರೆಗೆ.

ಕಣ್ಣಿನ ಅಳತೆ ತೆಗೆಯುವುದು ಕಷ್ಟವಲ್ಲ. ಹುಳು ಇರುವುದು ಗೊತ್ತಿರುವ ಇನ್ನೊಂದು ಬ್ಲಾಕಿಗೆ ಇಬ್ಬರನ್ನು ಬೇರೆ ಬೇರೆ ಹೊತ್ತಿನಲ್ಲಿ ಕಳುಹಿಸಿ. ಗಿಡಕ್ಕೆ ಬಣ್ಣ ಬಳಿಯುವುದು, ಕೊಂಬೆ ಮುರಿದಿಡುವುದು ಬೇಡ. ಮೊದಲಿನವರ ಗುರುತು ನೋಡಿ ಎರಡನೆಯವರು ಹೇಳಿದರೆ ಪರೀಕ್ಷೆ ಕೆಟ್ಟಿತು. ಸಾಲು–ಗಿಡ ಸಂಖ್ಯೆ ಚೀಟಿಯಲ್ಲಿ ಬರೆದುಕೊಳ್ಳಲಿ. ಮೊದಲನೆಯವರಿಗೆ 20 ಗಿಡ ಸಿಕ್ಕಿತು, ಎರಡನೆಯವರಿಗೆ 18, ಇಬ್ಬರ ಚೀಟಿಯಲ್ಲೂ ಇರುವುದು 15 ಎಂದಿಟ್ಟುಕೊಳ್ಳಿ. ಎರಡನೆಯವರ 18ರಲ್ಲಿ ಮೊದಲನೆಯವರು ಹಿಡಿದದ್ದು 15, ಅವರ ಕಣ್ಣು ಶೇ 83. ಮೊದಲನೆಯವರ 20ರಲ್ಲಿ ಎರಡನೆಯವರು ಹಿಡಿದದ್ದು 15, ಅವರದ್ದು ಶೇ 75. ಒಟ್ಟು ಹುಳು ಹಿಡಿದ ಗಿಡದ ಅಂದಾಜು 20×18÷15, ಅಂದರೆ 24. ಇಬ್ಬರೂ ಸೇರಿ ಕಂಡದ್ದು 23, ತಪ್ಪಿಸಿಕೊಂಡದ್ದು ಒಂದು. ಇದರಲ್ಲೂ ಒಂದು ಕೊರತೆ ಇದೆ. ಉಬ್ಬೇ ಏಳದ ಗಿಡ ಇಬ್ಬರಿಗೂ ಕಾಣುವುದಿಲ್ಲವಾದ್ದರಿಂದ ಅಂದಾಜು ಕೆಳಗೇ ಬೀಳುತ್ತದೆ. ಅದಕ್ಕೆ ಮದ್ದು ಕತ್ತಿ: ಮರುನಾಟಿಗೆಂದು ಹೇಗೂ ಕೀಳುವ ‘ಚೊಕ್ಕ’ ಗಿಡಗಳಲ್ಲಿ ಕೆಲವನ್ನು ಬುಡದಿಂದ ಮೇಲಿನವರೆಗೆ ಸೀಳಿ ನೋಡಿ. ಎಷ್ಟರಲ್ಲಿ ಸುರಂಗ ಸಿಕ್ಕಿತೋ ಅದು ನಿಮ್ಮ ಕಣ್ಣಿಗೆ ಬೀಳದ ಪಾಲು.

ಕಾಲ ಮರೆಯಬೇಡಿ. ಜೀರುಂಡೆ ಹಾರುವುದು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್. ಮಾರ್ಚಿನಲ್ಲಿ, ಸೆಪ್ಟೆಂಬರಿನಲ್ಲಿ ಹುಡುಕಿದ ‘ಇಲ್ಲ’ಕ್ಕೆ ಬೆಲೆ ಇದೆ. ಹಾರಾಟ ಮುಗಿದ ಮರುವಾರ ನೋಡಿ ಹೇಳಿದ್ದಕ್ಕೆ ಇಲ್ಲ, ಆಗ ಇರುವುದು ಮೊಟ್ಟೆ ಮತ್ತು ಉಬ್ಬೆಬ್ಬಿಸದ ಮರಿ ಮಾತ್ರ.

ಪ್ರಶ್ನೆ: ಹೊಸ ಔಷಧಿಯನ್ನು 3000 ಜನರಿಗೆ ಕೊಟ್ಟು ನೋಡಿ ಗಂಭೀರ ಅಡ್ಡಪರಿಣಾಮ ಒಂದೂ ಕಾಣಲಿಲ್ಲ ಎಂದರೆ ಅಪಾಯವೇ ಇಲ್ಲ ತಾನೇ?
– ವಿರಾಜಪೇಟೆ

ಉತ್ತರ: ಮೇಲಿನದ್ದೇ ಲೆಕ್ಕ. 3/3000, ಸಾವಿರಕ್ಕೆ ಒಂದಕ್ಕಿಂತ ಹೆಚ್ಚಿಲ್ಲ. ಹತ್ತು ಸಾವಿರಕ್ಕೊಬ್ಬರಿಗೆ ಆಗುವ ತೊಂದರೆ ಈ ಪರೀಕ್ಷೆಯಲ್ಲಿ ಕಾಣದೇ ಇರುವುದೇ ಹೆಚ್ಚು ಸಹಜ. ಔಷಧಿ ಅಂಗಡಿಗೆ ಬಂದ ಮೇಲೂ ವರ್ಷಗಟ್ಟಲೆ ಅಡ್ಡಪರಿಣಾಮದ ವರದಿ ಕಲೆಹಾಕುವುದು ಅದಕ್ಕೇ.

ಪ್ರಶ್ನೆ: ಮನೆ ಬಾವಿಯ ನೀರಿಗೆ ಪರೀಕ್ಷಾ ಬಾಟಲಿ ತಂದು ನೋಡಿದೆವು. ಕಪ್ಪಾಗಲಿಲ್ಲ. ಆದರೂ ಮಕ್ಕಳಿಗೆ ಭೇದಿ ನಿಲ್ಲುತ್ತಿಲ್ಲ. ಬಾಟಲಿ ಸುಳ್ಳೋ, ನೀರು ಸುಳ್ಳೋ?
– ಗೃಹಿಣಿ, ಮಡಿಕೇರಿ ಸಮೀಪ

ಉತ್ತರ: ಮಕ್ಕಳಿಗೆ ಮೊದಲು ಡಾಕ್ಟರು, ಓಆರ್‌ಎಸ್, ಕುದಿಸಿದ ನೀರು. ಬಾಟಲಿಯ ವಿಚಾರ ಆಮೇಲೆ.

ನೀರಿನಲ್ಲಿ ಮಲಮೂಲದ ಬ್ಯಾಕ್ಟೀರಿಯಾ ಇದ್ದರೆ ಅವು ಹೈಡ್ರೋಜನ್ ಸಲ್ಫೈಡ್ ಬಿಟ್ಟು ಬಾಟಲಿಯ ಪಟ್ಟಿಯನ್ನು 24ರಿಂದ 48 ಗಂಟೆಯಲ್ಲಿ ಕಪ್ಪಾಗಿಸಬೇಕು. ಕಪ್ಪಾಗದಿರಲು ಹಲವು ಕಾರಣ. ಕೊಡಗಿನಲ್ಲಿ ಮೊದಲನೆಯದು ಚಳಿ. ಮಳೆಗಾಲದ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದೇ ನಿಧಾನ, 48 ಗಂಟೆ ಸಾಲದೇ ಹೋಗಬಹುದು. ಬೆಚ್ಚಗಿನ ಜಾಗದಲ್ಲಿಡಿ, ಒಲೆಯ ಮೇಲಲ್ಲ. ಎರಡನೆಯದು ಬ್ಲೀಚಿಂಗ್ ಪೌಡರ್. ಮೊನ್ನೆ ಹಾಕಿದ್ದರೆ ಉಳಿದ ಕ್ಲೋರಿನ್ ಬಾಟಲಿಯೊಳಗೂ ಕೆಲಸ ಮಾಡುತ್ತದೆ. ಪ್ರಯೋಗಾಲಯದ ಬಾಟಲಿಯಲ್ಲಿ ಕ್ಲೋರಿನ್ ಮುರಿಯಲು ಸೋಡಿಯಂ ಥಯೋಸಲ್ಫೇಟ್ ಮೊದಲೇ ಹಾಕಿರುತ್ತಾರೆ, ಆದ್ದರಿಂದ ಆ ಬಾಟಲಿಯನ್ನು ತೊಳೆಯಬಾರದು.

ಮೂರನೆಯದು ನೀರಿನ ಪ್ರಮಾಣ, ಇದನ್ನು ಹೆಚ್ಚಿನವರು ಮರೆಯುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುವುದು 100 ಮಿ.ಲೀ. ನೀರಿನಲ್ಲಿ ಮಲಮೂಲದ ಬ್ಯಾಕ್ಟೀರಿಯಾ ಇ. ಕೋಲೈ ಪತ್ತೆಯಾಗಬಾರದು ಎಂದು. ನಿಮ್ಮ ಬಾಟಲಿ ಹಿಡಿಯುವುದು 20 ಮಿ.ಲೀ. ಎಂದಿಟ್ಟುಕೊಳ್ಳಿ. ಬಾವಿಯಲ್ಲಿ 100 ಮಿ.ಲೀ.ಗೆ 5 ಬ್ಯಾಕ್ಟೀರಿಯಾ ಇದ್ದರೆ ನಿಮ್ಮ 20 ಮಿ.ಲೀ.ಗೆ ಸರಾಸರಿ ಒಂದು ಬರಬೇಕು. ಆದರೆ ಅವು ಎಣಿಸಿ ಹಂಚಿಕೊಂಡು ಬರುವುದಿಲ್ಲ, ನೂರರಲ್ಲಿ 37 ಸಲ ಒಂದೂ ಬರದೇ ಇರುತ್ತದೆ. ಪೂರ್ತಿ 100 ಮಿ.ಲೀ. ಪರೀಕ್ಷಿಸಿದ್ದರೆ ಹಾಗೆ ತಪ್ಪಿಸಿಕೊಳ್ಳುವುದು ನೂರರಲ್ಲಿ ಒಂದು ಸಲಕ್ಕಿಂತಲೂ ಕಡಿಮೆ. ಒಂದರ ಬದಲು ಐದು ಬಾಟಲಿ ತುಂಬಿಸಿ.

ಆರನೆಯ ಬಾಟಲಿಯೊಂದನ್ನು ಬಚ್ಚಲಿನ ಚರಂಡಿ ನೀರಿನಿಂದ ತುಂಬಿಸಿ ಅವುಗಳ ಪಕ್ಕದಲ್ಲೇ ಇಡಿ, ಕೈ ಚೆನ್ನಾಗಿ ತೊಳೆದುಕೊಳ್ಳಿ. ಅದು ಕಪ್ಪಾಗಲೇಬೇಕು. ಅದೂ ಕಪ್ಪಾಗದಿದ್ದರೆ ಕಿಟ್ ಸತ್ತಿದೆ ಅಥವಾ ಜಾಗ ತಣ್ಣಗಿದೆ. ಆಗ ಉಳಿದ ಐದು ಬಾಟಲಿ ಹೇಳುತ್ತಿರುವ ‘ಇಲ್ಲ’ಕ್ಕೆ ಬೆಲೆಯೇ ಇಲ್ಲ.

ನೀರು ತೆಗೆಯುವ ದಿನವೂ ಮುಖ್ಯ. ಜೂನಿನ ಮೊದಲ ಜೋರು ಮಳೆಯಲ್ಲಿ ಕೊಟ್ಟಿಗೆ, ಪಿಟ್ ಕಡೆಯ ನೀರು ಬಾವಿಗೆ ಇಳಿದ ಮೇಲೆ ತೆಗೆಯಿರಿ. ಪ್ರಯೋಗಾಲಯಕ್ಕೆ ಕಳುಹಿಸುವುದಾದರೆ ಐಸ್ ಡಬ್ಬಿಯಲ್ಲಿ, ಆದಷ್ಟು 6 ಗಂಟೆಯೊಳಗೆ, 24 ಗಂಟೆ ಮೀರದಂತೆ. ಬ್ಯಾಕ್ಟೀರಿಯಾ ಇಲ್ಲ ಎಂದು ಬಂದರೂ ವೈರಸ್, ಜಿಯಾರ್ಡಿಯಾ ಎಂಬ ಪರೋಪಜೀವಿ ಇಲ್ಲ ಎಂದಾಗದು. ಅವನ್ನು ಈ ಬಾಟಲಿ ಹುಡುಕುವುದೇ ಇಲ್ಲ.

ಪ್ರಶ್ನೆ: ಕಾಳುಮೆಣಸಿನ ಲ್ಯಾಬ್ ವರದಿಯಲ್ಲಿ ಎಲ್ಲ ಕೀಟನಾಶಕಗಳ ಮುಂದೆ ‘ಎನ್‌ಡಿ’ ಎಂದಿದೆ. ವಿಷ ಇಲ್ಲ ಎಂದು ಗ್ರಾಹಕರಿಗೆ ಹೇಳಬಹುದೇ?
– ಗೋಣಿಕೊಪ್ಪ

ಉತ್ತರ: ‘ಎನ್‌ಡಿ’ ಎಂದರೆ ‘ಪತ್ತೆಯಾಗಿಲ್ಲ’. ‘ಇಲ್ಲ’ ಎಂದಲ್ಲ. ವರದಿಯಲ್ಲಿ ಮೂರು ಸಂಗತಿ ನೋಡಿ. ಯಂತ್ರ ಎಷ್ಟು ಕಡಿಮೆಯನ್ನು ಅಳೆಯಬಲ್ಲದು ಎಂಬ ಮಿತಿ ‘ಎಲ್‌ಓಕ್ಯೂ’ ಕಾಲಂನಲ್ಲಿರುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಬೇರೆ ಮಿತಿ ಗೊತ್ತುಮಾಡದ ಕೀಟನಾಶಕಕ್ಕೆ ಕಿಲೋಗೆ 0.01 ಮಿ.ಗ್ರಾಂ. ಮಿತಿ, ಅಂದರೆ ಒಂದು ಟನ್ ಮೆಣಸಿನಲ್ಲಿ 10 ಮಿಲಿಗ್ರಾಂ. ಲ್ಯಾಬಿನ ಮಿತಿ 0.05 ಇದ್ದರೆ ಅದರ ‘ಎನ್‌ಡಿ’ ಅಲ್ಲಿಗೆ ಕೆಲಸಕ್ಕೆ ಬಾರದು. ಎರಡನೆಯದು, ಪಟ್ಟಿಯಲ್ಲಿ ಏನಿದೆ? ನೂರಾರು ಹೆಸರಿನ ಉದ್ದ ಪಟ್ಟಿ ನೋಡಿ ಬೆರಗಾಗಬೇಡಿ. ಗ್ಲೈಫೋಸೇಟ್, ಪ್ಯಾರಾಕ್ವಾಟ್‌ನಂಥ ಕಳೆನಾಶಕಗಳು ಹಲವು ಕೀಟನಾಶಕಗಳನ್ನು ಒಟ್ಟಿಗೆ ಹುಡುಕುವ ಸಾಮಾನ್ಯ ಬಹುಶೇಷ ಪರೀಕ್ಷೆಯಲ್ಲಿ ಸಿಗುವುದಿಲ್ಲ, ಶಿಲೀಂಧ್ರನಾಶಕ ಮ್ಯಾಂಕೋಜೆಬ್ ಕೂಡ ಬೇರೆ ವಿಧಾನ ಕೇಳುತ್ತದೆ. ಹೊಡೆದದ್ದು ಯಾವುದೋ ಅದನ್ನು ಹೆಸರಿಟ್ಟು ಕೇಳಿ. ಮೂರನೆಯದು ‘ರಿಕವರಿ’. ಶುದ್ಧ ಮೆಣಸಿಗೆ ಗೊತ್ತಿರುವಷ್ಟು ಕೀಟನಾಶಕ ಬೆರೆಸಿ ಅದರಲ್ಲಿ ಎಷ್ಟು ವಾಪಸು ಸಿಕ್ಕಿತು ಎಂಬ ಅಂಕಿ. ಶೇ 70ರಿಂದ 120ರೊಳಗಿದ್ದರೆ ಸರಿ. ಎಣ್ಣೆ, ಘಾಟು ತುಂಬಿದ ಮೆಣಸಿನಲ್ಲಿ ಇದು ಕೆಡುವುದು ಹೆಚ್ಚು. ಚರಂಡಿ ನೀರಿನ ಬಾಟಲಿ ಮೇಲಿನ ಓದುಗರಿಗೆ ಏನೋ, ಲ್ಯಾಬಿಗೆ ಇದು ಅದೇ.

ಪ್ರಶ್ನೆ: ಹುಡುಕಿ ಸಿಗದೇ ಇದ್ದದ್ದರಿಂದಲೇ ವಿಜ್ಞಾನ ಮುಂದೆ ಹೋದ ಉದಾಹರಣೆ ಇದೆಯೇ?
– ನಿವೃತ್ತ ಅಧ್ಯಾಪಕರು, ಕುಶಾಲನಗರ

ಉತ್ತರ: ಪಠ್ಯದಲ್ಲಿ ಬರುವ ಹೆಸರು ಮೈಕೆಲ್ಸನ್–ಮಾರ್ಲಿ ಪ್ರಯೋಗ, 1887, ಅಮೆರಿಕದ ಕ್ಲೀವ್‌ಲ್ಯಾಂಡ್. ಬೆಳಕಿನ ಅಲೆ ಸಾಗಲು ‘ಈಥರ್’ ಎಂಬ ಮಾಧ್ಯಮ ಎಲ್ಲೆಡೆ ತುಂಬಿದೆ, ಭೂಮಿ ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ ಅದನ್ನು ಸೀಳಿಕೊಂಡು ಹೋಗುತ್ತಿದೆ ಎಂದು ಆಗ ನಂಬಿದ್ದರು. ಪಾದರಸದ ಮೇಲೆ ತೇಲುವ ಕಲ್ಲಿನ ಹಾಸಿಗೆಯಲ್ಲಿ ಕನ್ನಡಿಗಳನ್ನಿಟ್ಟು ಮೆಲ್ಲಗೆ ತಿರುಗಿಸಿದರು. ಎರಡು ದಾರಿಯಲ್ಲಿ ಹೋಗಿಬಂದ ಬೆಳಕು ಸೇರಿ ಮೂಡಿಸುವ ಪಟ್ಟೆ, ಲೆಕ್ಕದಂತೆ ಒಂದು ಪಟ್ಟೆಯ 0.4ರಷ್ಟು ಸರಿಯಬೇಕಿತ್ತು. ಕಂಡದ್ದು ಅದರ ಇಪ್ಪತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಇಲ್ಲಿ ಬೆಲೆ ಇರುವುದು ‘ಸಿಗಲಿಲ್ಲ’ಕ್ಕಲ್ಲ, ‘0.4 ಇರಬೇಕಿತ್ತು, ನಮ್ಮ ಉಪಕರಣಕ್ಕೆ ಅದು ಧಾರಾಳವಾಗಿ ಕಾಣುತ್ತಿತ್ತು’ ಎಂಬುದಕ್ಕೆ.

ನಮ್ಮ ರಾಜ್ಯದ್ದೇ ಉದಾಹರಣೆ ಕೋಲಾರದ ಚಿನ್ನದ ಗಣಿ, ಅದನ್ನು ಶಾಲೆಗಳಲ್ಲಿ ಯಾಕೋ ಹೇಳುವುದೇ ಇಲ್ಲ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳನ್ನು 1965ರಲ್ಲಿ ಮೊದಲು ಪತ್ತೆಹಚ್ಚಿದ ಜಾಗಗಳಲ್ಲಿ ಅದೊಂದು. ಪ್ರೋಟಾನ್ ಶಾಶ್ವತವಲ್ಲ, ಅದೂ ಒಂದು ದಿನ ಒಡೆಯುತ್ತದೆ ಎಂದು 1970ರ ದಶಕದ ಸಿದ್ಧಾಂತಗಳು ಹೇಳಿದವು. ಆಯುಸ್ಸು 1ರ ಮುಂದೆ 30ರ ಆಸುಪಾಸು ಸೊನ್ನೆಗಳಷ್ಟು ವರ್ಷ. ಒಂದು ಪ್ರೋಟಾನನ್ನು ಅಷ್ಟು ಕಾಲ ಕಾಯುವವರಾರು? ಬದಲಿಗೆ ಬಹಳ ಪ್ರೋಟಾನುಗಳನ್ನು ಒಟ್ಟಿಗೆ ಕಾಯಬೇಕು. 1980ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಜಪಾನಿನ ವಿಜ್ಞಾನಿಗಳು 2.3 ಕಿ.ಮೀ. ಆಳದಲ್ಲಿ 140 ಟನ್ ತೂಕದ, ಹೆಚ್ಚಾಗಿ ಕಬ್ಬಿಣದ, ಪತ್ತೆಯಂತ್ರ ಕಟ್ಟಿದರು. ಪದಾರ್ಥ ಯಾವುದೇ ಇರಲಿ, ಒಂದು ಟನ್ನಿನಲ್ಲಿ ಪ್ರೋಟಾನ್–ನ್ಯೂಟ್ರಾನ್ ಸೇರಿ 6ರ ಮುಂದೆ 29 ಸೊನ್ನೆಯಷ್ಟು ಕಣಗಳಿರುತ್ತವೆ. 140 ಟನ್ನಿಗೆ ಸುಮಾರು 8ರ ಮುಂದೆ 31 ಸೊನ್ನೆ. ಆಯುಸ್ಸು 1ರ ಮುಂದೆ 31 ಸೊನ್ನೆ ವರ್ಷವಾದರೆ ವರ್ಷಕ್ಕೆ ಎಂಟಾದರೂ ಒಡೆಯಬೇಕು. ಅಷ್ಟು ಆಳಕ್ಕೆ ಇಳಿದದ್ದು ಆಕಾಶದಿಂದ ಬರುವ ಕಣಗಳ ಗದ್ದಲ ತಪ್ಪಿಸಲು.

ಕೋಲಾರದ ತಂಡ ಕೆಲವು ಗುರುತುಗಳನ್ನು ಕಂಡು ಇವು ಪ್ರೋಟಾನ್ ಒಡೆದದ್ದೇ ಇರಬಹುದು ಎಂದಿತು. ಅಮೆರಿಕದ ಒಹಾಯೊದ ಉಪ್ಪಿನ ಗಣಿಯಲ್ಲಿ 8000 ಟನ್, ಜಪಾನಿನ ಕಾಮಿಯೋಕಾದಲ್ಲಿ 3000 ಟನ್ ನೀರಿನ ತೊಟ್ಟಿಗಳು ಕೆಲಸ ಶುರುಮಾಡಿದವು. ಕೋಲಾರದ್ದು ನಿಜವಾಗಿದ್ದರೆ ಅಲ್ಲಿ ರಾಶಿ ರಾಶಿ ಕಾಣಬೇಕಿತ್ತು. ಕಾಣಲಿಲ್ಲ. ‘ಇದೆ’ ಎಂಬ ಮಾತನ್ನು ದೊಡ್ಡ ‘ಇಲ್ಲ’ ಮುಳುಗಿಸಿತು, ಆಯುಸ್ಸು ಕಡಿಮೆ ಎಂದಿದ್ದ ಸರಳ ಸಿದ್ಧಾಂತವೂ ಅದರ ಜೊತೆ ಹೋಯಿತು. 1996ರಿಂದ ನಡೆಯುತ್ತಿರುವ ಸೂಪರ್ ಕಾಮಿಯೋಕಾಂಡೆಯಲ್ಲಿ 50,000 ಟನ್ ನೀರಿದೆ. ಅವರು ಮುಖ್ಯವಾಗಿ ಹುಡುಕಿದ ಬಗೆಯ ಒಡೆತಕ್ಕೆ ಕೆಳಮಿತಿ ಈಗ 1ರ ಮುಂದೆ 34 ಸೊನ್ನೆ ವರ್ಷವನ್ನು ದಾಟಿದೆ. ‘ಪ್ರೋಟಾನ್ ಒಡೆಯುವುದೇ ಇಲ್ಲ’ ಎಂದು ಅವರು ಇಂದಿಗೂ ಬರೆದಿಲ್ಲ.

ಪ್ರಶ್ನೆ: ಮಲಬಾರ್ ಪುನುಗು ಬೆಕ್ಕು ನಾಶವಾಗಿದೆ ಎಂದು ಕೆಲವರು, ಇಲ್ಲ ಎಂದು ಕೆಲವರು. ಯಾರು ಹೇಳಬೇಕು?
– ಭಾಗಮಂಡಲ

ಉತ್ತರ: 1987ರಲ್ಲಿ ಕೇರಳದ ಮಲಪ್ಪುರಂ ಕಡೆ ಸಿಕ್ಕ ತೊಗಲುಗಳು ನಂಬಬಹುದಾದ ಸುಳಿವು. ಆಮೇಲೆ ‘ಕಂಡೆವು’ ಎಂದವರ ಫೋಟೊಗಳು ಸಾಮಾನ್ಯವಾಗಿ ಚಿಕ್ಕ ಪುನುಗಿನವೇ ಆಗಿರುತ್ತವೆ. ಹುಲಿಯಾದರೆ ತೀರ್ಮಾನ ಬೇಗ: ರಾಜಸ್ಥಾನದ ಸರಿಸ್ಕಾದಲ್ಲಿ 2004–05ರಲ್ಲಿ ಹೆಜ್ಜೆ, ಮಲ, ಬೇಟೆಯ ಗುರುತು ಯಾವುದೂ ಸಿಗದಿದ್ದಾಗ ಹುಲಿ ಉಳಿದಿಲ್ಲ ಎಂದು ಒಪ್ಪಲೇಬೇಕಾಯಿತು. ರಾತ್ರಿ ತಿರುಗುವ ಸಣ್ಣ ಪ್ರಾಣಿಗೆ ಸರಿಯಾದ ಕಾಡು, ಸರಿಯಾದ ಹೊತ್ತು, ಸರಿಯಾದ ಋತುವಿನಲ್ಲಿ ಹುಡುಕಿ ಮುಗಿಸದೆ ‘ನಾಶ’ ಎಂದು ಪಟ್ಟಿ ಮಾಡುವುದಿಲ್ಲ.

ತಪ್ಪು ಜಾಗದಲ್ಲಿ ಹುಡುಕಿದರೆ ಏನಾಗುತ್ತದೆ ಎನ್ನುವುದಕ್ಕೆ ಕಾಡುಗೂಬೆಯ ಕಥೆ ಇದೆ. 1884ರ ನಂತರ ಸಿಗದ ಈ ಭಾರತೀಯ ಗೂಬೆಯನ್ನು 1914ರಲ್ಲಿ ಗುಜರಾತಿನಲ್ಲಿ ಹಿಡಿದೆ ಎಂದು ರಿಚರ್ಡ್ ಮೈನರ್ಟ್‌ಜಾಗನ್ ಎಂಬ ಬ್ರಿಟಿಷ್ ಅಧಿಕಾರಿ ದಾಖಲಿಸಿದ್ದ. ಜನ ಅಲ್ಲೇ ಹುಡುಕಿ ಕೈಚೆಲ್ಲಿದರು. ಆ ಮಾದರಿ ಮ್ಯೂಸಿಯಂನಿಂದ ಕದ್ದು ಚೀಟಿ ಬದಲಾಯಿಸಿದ ಹಳೆಯ ಹಕ್ಕಿ ಎಂದು ತಿಳಿದದ್ದು ಬಹಳ ತಡವಾಗಿ. ಸುಳ್ಳು ವಿಳಾಸ ಬಿಟ್ಟು ಹಳೆಯ ನಿಜವಾದ ವಿಳಾಸಗಳ ಕಡೆ ಹೋದ ತಂಡಕ್ಕೆ 1997ರಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಹಾಡಹಗಲೇ ಗೂಬೆ ಕೂತಿತ್ತು.

ಪ್ರಶ್ನೆ: ನಮ್ಮಲ್ಲಿ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬೋರ್‌ವೆಲ್ ಪಾಯಿಂಟ್ ಹೇಳುವವರಿದ್ದಾರೆ. ‘ಆ ಶಕ್ತಿ ಇಲ್ಲ ಅಂತ ನೀವೇ ಸಾಬೀತು ಮಾಡಿ’ ಎನ್ನುತ್ತಾರೆ. ಮಾಡುವುದು ಹೇಗೆ?
– ನಾಪೋಕ್ಲು

ಉತ್ತರ: ‘ಅವರು ಹೇಳಿದಲ್ಲೆಲ್ಲ ನೀರು ಬಂತು’ ಎನ್ನುವುದನ್ನು ಮೊದಲು ಬದಿಗಿಡಿ. ಇಷ್ಟೊಂದು ಮಳೆ ಬೀಳುವ ಸೀಮೆಯಲ್ಲಿ ಕಾಯಿ ಏಳದ ಕಡೆಯೂ ಕೊರೆಸಿ ನೋಡಿದವರು ಯಾರು?

ಎಲ್ಲೆಯಿಲ್ಲದ ‘ಶಕ್ತಿ ಇದೆ’ಯನ್ನು ಯಾರೂ ಅಲ್ಲಗಳೆಯಲಾಗದು. ಅದಕ್ಕೇ ಮೊದಲ ಕೆಲಸ ಎಲ್ಲೆ ಹಾಕಿಸುವುದು: ಹತ್ತಕ್ಕೆ ಎಷ್ಟು ಸಲ ಸರಿ ಹೇಳುತ್ತೀರಿ? ‘ಒಂಬತ್ತು’ ಎಂದರೆ ಬರೆಸಿ ಸಹಿ ಹಾಕಿಸಿ. ಒಂದೇ ಗಾತ್ರದ ಎರಡು ಡ್ರಮ್ ತನ್ನಿ. ಒಂದಕ್ಕೆ ನೀರು, ಇನ್ನೊಂದಕ್ಕೆ ತೂಕ ಸರಿಹೊಂದುವಷ್ಟು ಮರಳು. ಮೊದಲು ಮುಚ್ಚಳ ತೆರೆದೇ ಪರೀಕ್ಷೆ ಮಾಡಿಸಿ. ನೀರಿನ ಮೇಲೆ ಕಾಯಿ ಏಳುತ್ತದೆ, ಮರಳಿನ ಮೇಲೆ ಇಲ್ಲ, ಇಂಥ ನೀರಿಗೂ ವಿದ್ಯೆ ನಡೆಯುತ್ತದೆ ಎಂದು ಅವರ ಬಾಯಲ್ಲೇ ಒಪ್ಪಿಸಿ. ಈ ಹೆಜ್ಜೆ ಬಿಟ್ಟರೆ ಸೋತ ಮೇಲೆ ‘ಹರಿಯುವ ನೀರಿಗೆ ಮಾತ್ರ’ ಎನ್ನುತ್ತಾರೆ.

ಆಮೇಲೆ 20 ಸುತ್ತು. ಪ್ರತಿ ಸುತ್ತಿಗೂ ಒಬ್ಬರು ನಾಣ್ಯ ಚಿಮ್ಮಿ, ಬಿದ್ದಂತೆ ಒಂದು ಡ್ರಮ್ಮನ್ನು ಟಾರ್ಪಾಲಿನ ಕೆಳಗಿಟ್ಟು, ಬರೆದುಕೊಂಡು ಕಣ್ಮರೆಯಾಗಬೇಕು. ಡ್ರಮ್ ಇಟ್ಟವರು ಅಲ್ಲೇ ನಿಂತರೆ ಅವರ ಮುಖವೇ ಉತ್ತರ ಹೇಳಿಬಿಡುತ್ತದೆ. ನೀರಿನ ಡ್ರಮ್ಮಿನ ಹೊರಮೈ ಬೆವರುತ್ತದೆ, ಒರೆಸಿ. ಉರುಳಿಸಿದರೆ ಗುಳುಗುಳು ಎನ್ನುತ್ತದೆ, ಎತ್ತಿಯೇ ಇಡಿ. ಡ್ರಮ್ ಎಳೆದ ಗೆರೆ ನೆಲದಲ್ಲಿ ಉಳಿಯದಂತೆ ಪ್ರತಿ ಸಲ ಗುಡಿಸಿ.

ಗೆಲುವಿನ ಗೆರೆ 15 ಎಂದು ಮೊದಲೇ ಗೊತ್ತುಮಾಡಿ. ಬರೀ ಊಹೆಯಿಂದ 20ಕ್ಕೆ 15 ಅಥವಾ ಹೆಚ್ಚು ಬರುವ ಸಾಧ್ಯತೆ ಸುಮಾರು ಶೇ 2. ನಿಜವಾಗಿ ಹತ್ತಕ್ಕೆ ಒಂಬತ್ತು ಹೇಳಬಲ್ಲವರು 15 ಮುಟ್ಟದೇ ಸೋಲುವ ಸಾಧ್ಯತೆ ಸುಮಾರು ಶೇ 1. ಅವರಿಗೆ 11 ಬಂದರೆ ‘ಹತ್ತಕ್ಕೆ ಒಂಬತ್ತು’ ಎಂಬ ಶಕ್ತಿ ಇಲ್ಲ ಎಂದು ಧೈರ್ಯವಾಗಿ ಹೇಳಬಹುದು. ಅದು ಸಾಬೀತಾದ ‘ಇಲ್ಲ’ವೇ.

ಆಗ ಅವರು ‘ಹತ್ತಕ್ಕೆ ಒಂಬತ್ತಲ್ಲ, ನೂರಕ್ಕೆ 55’ ಎಂದು ಇಳಿಯಬಹುದು. ಅದನ್ನೂ ಪರೀಕ್ಷಿಸಬಹುದು, ಆದರೆ ಊಹೆಯ 50ರಿಂದ 55ನ್ನು ಬೇರ್ಪಡಿಸಲು 600ಕ್ಕೂ ಹೆಚ್ಚು ಸುತ್ತು ಬೇಕು. ಅಷ್ಟು ಸಲ ಡ್ರಮ್ ಎತ್ತಿಳಿಸುವ ಕೂಲಿ ಯಾರದ್ದು ಎನ್ನುವುದನ್ನೂ ಅದೇ ಕಾಗದದಲ್ಲಿ ಬರೆಸಿಕೊಳ್ಳಿ.